ಚಾರ್ಮಾಡಿಯ ಮಂಜು, ಬಂಡಿಯ ಹೊಗೆ

ತರ್ಕಶಾಸ್ತ್ರಕ್ಕೆ ಕಾಲಿಡುವ ವಿದ್ಯಾರ್ಥಿಗೆ ಮೊಟ್ಟಮೊದಲು ಪರಿಚಯವಾಗುವ ಸ್ಥಳವೊಂದುಂಟು. ಅದು ಕಾಶಿಯೂ ಅಲ್ಲ, ಕಂಚಿಯೂ ಅಲ್ಲ. ಹೊಗೆಯಾಡುತ್ತಿರುವ ಒಂದು ಬೆಟ್ಟ. ಆ ಬೆಟ್ಟಕ್ಕೆ ಹೆಸರಿಲ್ಲ, ಹತ್ತುವ ದಾರಿಯಿಲ್ಲ. ದೂರದಲ್ಲಿ ನಿಂತವನು ಅದರ ಮೇಲೆ ಹೊಗೆಯನ್ನು ಕಾಣುತ್ತಾನೆ. ಕಂಡು, ಅಲ್ಲಿ ಬೆಂಕಿಯಿರಬೇಕೆಂದು ಊಹಿಸುತ್ತಾನೆ. ಅಡುಗೆಮನೆಯಲ್ಲಿ ಹೊಗೆಯೂ ಬೆಂಕಿಯೂ ಒಟ್ಟಿಗೆ ಇರುವುದನ್ನು ಆತ ಬಲ್ಲ. ಕೆರೆಯಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲವೆಂಬುದನ್ನೂ ಬಲ್ಲ. ನೈಯಾಯಿಕರ ಮಾತಿನಲ್ಲಿ ಬೆಟ್ಟವು ಪಕ್ಷ, ಅಡುಗೆಮನೆ ಸಪಕ್ಷ, ಕೆರೆ ವಿಪಕ್ಷ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರೆಲ್ಲ ಈ ಮೂರು ಸ್ಥಳಗಳಲ್ಲಿ ಮನಸ್ಸಿನಲ್ಲಿಯೇ ಸಂಚರಿಸಿ ಬಂದವರು. ಆದರೆ ಗುರುಗಳು ಇಷ್ಟಕ್ಕೇ ಬಿಡುವುದಿಲ್ಲ. ಕಂಡದ್ದು ನಿಜವಾಗಿ ಹೊಗೆಯೋ, ಇಲ್ಲವೆ ಮಂಜೋ ಎಂದು ಮರಳಿ ಕೇಳುತ್ತಾರೆ. ಮಂಜನ್ನು ಹೊಗೆಯೆಂದು ಬಗೆದವನ ಅನುಮಾನವು ಎಷ್ಟು ಕ್ರಮಬದ್ಧವಾಗಿದ್ದರೂ ಬುಡದಲ್ಲಿಯೇ ಮುರಿದು ಬೀಳುತ್ತದೆ.

ಪುಸ್ತಕದ ಆ ಬೆಟ್ಟವನ್ನು ನಾವು ಕಣ್ಣಾರೆ ಕಂಡದ್ದು ಚಾರ್ಮಾಡಿ ಘಟ್ಟದಲ್ಲಿ. ಅಲ್ಲಿಗೆ ತಲಪುವ ಮುನ್ನ ಆ ಹಳೆಯ ಪಾಠವನ್ನು ಮತ್ತೊಮ್ಮೆ ಕಲಿಸಿಕೊಟ್ಟುದು ಮೂಡಿಗೆರೆಯ ಒಂದು ಮೋಟಾರು ಗ್ಯಾರೇಜು. ವಾಚಕರು ಎರಡನ್ನೂ ಸೇರಿಸಿಯೇ ಕೇಳಬೇಕಾಗಿದೆ.

ಹಾಸನದಿಂದ ಧರ್ಮಸ್ಥಳಕ್ಕೆ ಹೋಗುವವರಿಗೆ ಮುಖ್ಯವಾಗಿ ಎರಡು ದಾರಿಗಳುಂಟು. ಸಕಲೇಶಪುರದ ಮೇಲೆ ಹೋಗಿ ಶಿರಾಡಿ ಘಟ್ಟವನ್ನಿಳಿಯುವುದು ಒಂದು; ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರಗಳ ಮೇಲೆ ಸಾಗಿ ಚಾರ್ಮಾಡಿಯನ್ನಿಳಿಯುವುದು ಇನ್ನೊಂದು. ಕಳೆದ ಆಶ್ವಯುಜದಲ್ಲಿ ಬಂಧುಗಳೂ ಮಕ್ಕಳೂ ಸೇರಿ ಹನ್ನೊಂದು ಮಂದಿ ಹೊರಟ ನಾವು ಎರಡನೆಯ ದಾರಿಯನ್ನು ಹಿಡಿದೆವು. ಮಕ್ಕಳಿಗೆ ಬೇಲೂರನ್ನು ತೋರಿಸಬೇಕೆಂಬುದೇ ಇದಕ್ಕೆ ಕಾರಣ. ಯಗಚಿಯ ದಡದ ಆ ಊರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯನ್ನು ಬಣ್ಣಿಸಲು ಹೊರಟರೆ ಈ ಲೇಖನಕ್ಕೆ ಬೇರೆ ಜಾಗವುಳಿಯದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವೆಂಬುದನ್ನು ಮಾತ್ರ ಹೇಳಿ ಮುಂದುವರಿಯುತ್ತೇವೆ.

ನಮ್ಮನ್ನು ಕರೆದೊಯ್ದದ್ದು ಹನ್ನೆರಡು ಮಂದಿ ಕೂಡುವ ಒಂದು ಡೀಸೆಲ್ ವ್ಯಾನು. ಅದರ ಒಡೆಯನೂ ಚಾಲಕನೂ ಒಬ್ಬನೇ. ಹಿಂದೆ ನಮ್ಮಲ್ಲಿ ಓದಿದ ಹುಡುಗ, ಈಗ ಎರಡು ಮಕ್ಕಳ ತಂದೆ. 2021ರಲ್ಲಿ ಬ್ಯಾಂಕಿನಿಂದ ಸಾಲವೆತ್ತಿ ಬಂಡಿಯನ್ನು ಕೊಂಡವನು. ಬೆಳಗ್ಗೆಯೂ ಸಂಜೆಯೂ ಶಾಲೆಯ ಮಕ್ಕಳನ್ನು ಕರೆತಂದು ಬಿಡುವುದು, ರಜೆಯ ದಿನಗಳಲ್ಲಿ ಯಾತ್ರಿಕರನ್ನು ಒಯ್ಯುವುದು, ಇವೇ ಆತನ ಜೀವನ. ತಿಂಗಳ ಕಂತು ತಪ್ಪದಿದ್ದರೆ ಬಂಡಿ ತನ್ನದು, ತಪ್ಪಿದರೆ ಬ್ಯಾಂಕಿನದು.

ಬೇಲೂರನ್ನು ಬಿಟ್ಟು ಏರುದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಆತನ ಮುಖ ಬಾಡಿತು. ಎದುರಿನ ಫಲಕದಲ್ಲಿ ಹಳದಿಯ ದೀಪವೊಂದು ಹೊತ್ತಿಕೊಂಡಿತು. ಅದರ ಬೆನ್ನಹಿಂದೆಯೇ ಬಂಡಿಯ ಕಸುವೂ ಕುಗ್ಗಿತು. ಎಷ್ಟು ತುಳಿದರೂ ಎತ್ತಿನ ಗಾಡಿಯ ನಡೆಗಿಂತ ಸ್ವಲ್ಪ ಮೇಲು, ಅಷ್ಟೆ. ಏನೆಂದು ಕೇಳಿದುದಕ್ಕೆ ಆತನು ಮೊದಲು ಸುಮ್ಮನಿದ್ದು, ಆಮೇಲೆ ಎಲ್ಲವನ್ನೂ ಹೇಳಿದನು. ನಾಲ್ಕು ದಿನಗಳ ಹಿಂದೆಯೇ ಈ ದೀಪ ಹೊತ್ತಿತ್ತು. ದೊಡ್ಡ ವರ್ಕ್‌ಶಾಪೊಂದಕ್ಕೆ ಒಯ್ದಾಗ, ಹೊಗೆಯನ್ನು ಶೋಧಿಸುವ ಪೆಟ್ಟಿಗೆ ಕಟ್ಟಿಕೊಂಡಿದೆ, ಅದನ್ನೂ ಅದರ ಸೆನ್ಸರನ್ನೂ ಹೊಸದಾಗಿ ಹಾಕಬೇಕು, ಒಂದು ಲಕ್ಷಕ್ಕೆ ಮೇಲಾಗುತ್ತದೆ ಎಂದರಂತೆ. ರಸ್ತೆಬದಿಯ ಇನ್ನೊಬ್ಬನು, ಪೆಟ್ಟಿಗೆಯನ್ನೇ ಕೊಯ್ದು ತೆಗೆದು, ದೀಪ ಎಂದಿಗೂ ಹೊತ್ತದಂತೆ ಕಂಪ್ಯೂಟರಿಗೆ ಹೇಳಿಕೊಡುತ್ತೇನೆ, ಹದಿನೈದು ಸಾವಿರ ಕೊಟ್ಟರೆ ಸಾಕು ಎಂದನಂತೆ. ಇವನು ಎರಡಕ್ಕೂ ಒಪ್ಪದೆ, ದೀಪವನ್ನು ಹೇಗೋ ಆರಿಸಿಕೊಂಡು ಬಂದಿದ್ದನು. ಮನೆಯಲ್ಲಿ ಮಡದಿಯ ಸರವನ್ನು ಒತ್ತೆಯಿಡುವ ಮಾತೂ ನಡೆದಿತ್ತೆಂದು ಹೇಳುವಾಗ ಆತನ ಧ್ವನಿ ಇಳಿಯಿತು.

ಈ ಪೆಟ್ಟಿಗೆ ಯಾವುದು, ಏಕೆ ಬಂತು ಎಂಬುದನ್ನು ಇಲ್ಲಿ ತಿಳಿಸುವುದು ಯುಕ್ತ. ಜರ್ಮನಿಯ ರೂಡಾಲ್ಫ್ ಡೀಸೆಲ್ ಎಂಬ ಇಂಜಿನಿಯರನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಹೆಸರಿನ ಯಂತ್ರವನ್ನು ನಡೆಸಿ ತೋರಿಸಿದನು. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಆ ಕಾವಿಗೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿ ತಗುಲಿಸದೆಯೇ ಹೊತ್ತಿಕೊಳ್ಳುತ್ತದೆ. ಎಣ್ಣೆ ಗಾಳಿಗಳು ಚೆನ್ನಾಗಿ ಬೆರೆಯದ ಕಡೆ ಎಣ್ಣೆ ಅರೆಬೆಂದು ಮಸಿಯಾಗುತ್ತದೆ. ಹಳೆಯ ಲಾರಿಗಳ ಬಾಲದಲ್ಲಿ ನಾವೆಲ್ಲರೂ ಕಂಡ ಕರಿಯ ಹೊಗೆ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2012ರಲ್ಲಿ ಡೀಸೆಲಿನ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೇ ಸೇರಿಸಿತು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರು ಎಂಬ ನಿಯಮ ಜಾರಿಗೆ ಬಂತು. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ತೂಕವನ್ನು ಹಿಂದಿನ ನಿಯಮದ 25 ಮಿಲಿಗ್ರಾಮಿನಿಂದ 4.5 ಮಿಲಿಗ್ರಾಮಿಗೆ ಇಳಿಸಲಾಯಿತು. ಎಣ್ಣೆಯಲ್ಲಿರುವ ಗಂಧಕವೂ ಹತ್ತು ಲಕ್ಷ ಭಾಗದಲ್ಲಿ 50ರಿಂದ 10ಕ್ಕೆ ಇಳಿಯಿತು.

ಇಷ್ಟನ್ನು ಸಾಧಿಸಲು ಹೊಗೆಕೊಳವೆಯ ನಡುವೆ ಒಂದು ಶೋಧಕವನ್ನು ಇಡುತ್ತಾರೆ. ಜೇನುಗೂಡಿನಂತೆ ಅಸಂಖ್ಯ ಕಿಂಡಿಗಳುಳ್ಳ ಒಂದು ಪಿಂಗಾಣಿಯ ದಿಂಡು ಅದು. ಒಂದು ಕಿಂಡಿಗೆ ಮುಂದಿನ ಬಾಯಿ ಮುಚ್ಚಿದ್ದರೆ ಅದರ ನೆರೆಯದಕ್ಕೆ ಹಿಂದಿನದು ಮುಚ್ಚಿದೆ. ಆದುದರಿಂದ ಹೊಗೆಯು ಸೂಕ್ಷ್ಮರಂಧ್ರಗಳಿರುವ ಗೋಡೆಯನ್ನು ತೂರಿಯೇ ಹೊರಬೀಳಬೇಕು. ಮಸಿ ಒಳಗೇ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಕಾಫಿಯನ್ನು ಸೋಸುವ ಬಟ್ಟೆಯಂತೆಯೇ ಇದೂ. ಚರಟ ಹೆಚ್ಚಿದಂತೆಲ್ಲ ಡಿಕಾಕ್ಷನ್ ಇಳಿಯುವುದು ನಿಧಾನವಾಗುತ್ತದಷ್ಟೆ. ಮಸಿ ಹೆಚ್ಚಿದಾಗ ಬಂಡಿಯ ಕಂಪ್ಯೂಟರು ತಾನಾಗಿಯೇ ಒಂದಿಷ್ಟು ಹೆಚ್ಚು ಎಣ್ಣೆಯನ್ನು ಉರಿಸಿ, ಶೋಧಕದ ಕಾವನ್ನು ಸುಮಾರು 600 ಡಿಗ್ರಿಯವರೆಗೆ ಏರಿಸಿ, ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ.

ಮಸಿ ಎಷ್ಟು ತುಂಬಿದೆಯೆಂದು ಅದಕ್ಕೆ ತಿಳಿಯುವುದು ಹೇಗೆ? ಮುಖ್ಯವಾಗಿ ಒಬ್ಬ ಸಾಕ್ಷಿಯ ಮಾತಿನಿಂದ. ಶೋಧಕದ ಮುಂದಿನಿಂದ ಒಂದು, ಹಿಂದಿನಿಂದ ಒಂದು, ಹೀಗೆ ಎರಡು ಸಣ್ಣ ಕೊಳವೆಗಳು ಹೊರಟು ಬೆಂಕಿಪೊಟ್ಟಣದಷ್ಟು ದೊಡ್ಡ ಉಪಕರಣವೊಂದಕ್ಕೆ ಬಂದು ಸೇರುತ್ತವೆ. ಎರಡು ಕಡೆಯ ಒತ್ತಡಗಳ ಅಂತರವನ್ನು ಅದು ಅಳೆಯುತ್ತದೆ. ಅಂತರ ಹೆಚ್ಚಿದರೆ ಉಸಿರು ಕಟ್ಟಿದೆಯೆಂದು ಅರ್ಥ. ಇದಕ್ಕೆ ಸೆನ್ಸರೆಂದು ಹೆಸರು, ಸಂವೇದಕವೆಂದರೂ ಸಲ್ಲುತ್ತದೆ. ಕಂಪ್ಯೂಟರೆಂಬ ನ್ಯಾಯಾಧಿಪತಿಯು ಶೋಧಕವನ್ನು ಎಂದೂ ಕಂಡವನಲ್ಲ. ಮುಚ್ಚಿದ ಕೋಣೆಯಲ್ಲಿ ಕುಳಿತು, ತಂತಿಯ ಮೇಲೆ ಬರುವ ಸಂವೇದಕದ ಮಾತನ್ನು ಕೇಳಿ ತೀರ್ಪು ಕೊಡುವವನು ಅವನು.

ಮೂಡಿಗೆರೆಯನ್ನು ತೆವಳುತ್ತ ಸೇರಿದಾಗ ಹನ್ನೊಂದು ಗಂಟೆ ಮೀರಿತ್ತು. ಘಟ್ಟವನ್ನು ಹಗಲಿನಲ್ಲಿಯೇ ಇಳಿಯಬೇಕು. ಕಸುವಿಲ್ಲದ ಬಂಡಿಯಲ್ಲಿ ಹೆಂಗಸರು ಮಕ್ಕಳೊಡನೆ ಮಂಜಿನ ನಡುವೆ ನಿಂತರೆ ಗತಿಯೇನು ಎಂಬ ಚಿಂತೆ ಎಲ್ಲರಿಗೂ ಹತ್ತಿತು. ಪೇಟೆಯಲ್ಲಿ ವಿಚಾರಿಸಿದಾಗ, ಕಾಫಿ ತೋಟಗಳ ಜೀಪುಗಳನ್ನು ರಿಪೇರಿ ಮಾಡುವ ಒಂದು ಗ್ಯಾರೇಜನ್ನು ತೋರಿಸಿದರು. ತಗಡಿನ ಮಾಡು, ಎಣ್ಣೆಯಿಂದ ಕರ್ರಗಾದ ನೆಲ, ಒಂದು ಮೂಲೆಯಲ್ಲಿ ಸಂಪಿಗೆಯ ಗಿಡ. ಐವತ್ತರ ಆಚೆಯ ಮೆಕ್ಯಾನಿಕ್ಕನು ಕೈಯನ್ನು ಬಟ್ಟೆಗೆ ಒರಸಿಕೊಳ್ಳುತ್ತ ಹೊರಗೆ ಬಂದನು.

ಆತನು ಬಂಡಿಯನ್ನು ಮುಟ್ಟುವುದಕ್ಕೆ ಮೊದಲು ಮಾತನಾಡಿಸಿದನು. ಇದನ್ನು ನಾವು ಒತ್ತಿ ಹೇಳುತ್ತೇವೆ. ಏಕೆಂದರೆ ಒಳ್ಳೆಯ ವೈದ್ಯನ ಲಕ್ಷಣವೂ ಇದೇ. "ದೀಪ ಮೊದಲು ಹೊತ್ತಿದ್ದು ಯಾವಾಗ ತಮ್ಮಾ? ಬಿಸಿಲಿದ್ದಾಗಲೋ, ಮಳೆ ಬಂದಮೇಲೋ?"

"ಕುಕ್ಕೆಗೆ ಬಾಡಿಗೆ ಹೋಗಿದ್ದೆ ಅಣ್ಣಾ. ಆವತ್ತು ಜೋರು ಮಳೆ. ಮಾರನೇ ದಿನ ಹೊತ್ತಿತು."

"ದಿನಾ ಎಷ್ಟು ದೂರ ಓಡಿಸ್ತೀಯ?"

"ಸ್ಕೂಲಿನ ಟ್ರಿಪ್ಪು. ಹೋಗಿ ಬರೋದು ಸೇರಿ ನಾಲ್ಕೈದು ಕಿಲೋಮೀಟರು."

ಮೆಕ್ಯಾನಿಕ್ಕನು ತಲೆದೂಗಿದನು. ಬಳಿಕ ಸ್ಟಿಯರಿಂಗಿನ ಕೆಳಗಿರುವ ಹದಿನಾರು ಕಾಲುಗಳ ಕಿಂಡಿಗೆ ಕೈಯಗಲದ ಸ್ಕ್ಯಾನರೊಂದನ್ನು ಸಿಕ್ಕಿಸಿದನು. ಅದರಲ್ಲಿ ಪಿ2453 ಎಂಬ ಸಂಕೇತ ಮೂಡಿತು. ಶೋಧಕದ ಒತ್ತಡದ ಸಂವೇದಕವು ಹೇಳುತ್ತಿರುವುದು ನಂಬತಕ್ಕ ಮೇರೆಯಲ್ಲಿಲ್ಲವೆಂಬುದು ಇದರ ಅರ್ಥ. "ಇದನ್ನ ನೋಡಿದ ಕೂಡಲೇ ಪೆಟ್ಟಿಗೆ ಬದಲಾಯಿಸು ಅಂತಾರೆ. ಈ ನಂಬರು ಕಳ್ಳನ ಹೆಸರಲ್ಲ ಸಾರ್, ದೂರು ಬಂದ ಠಾಣೆಯ ಹೆಸರು. ಕಳ್ಳನ್ನ ನಾವೇ ಹುಡುಕಬೇಕು" ಎಂದನು.

ಮುಂದೆ ಆತನು ಮಾಡಿದುದು ನಮ್ಮನ್ನು ಬೆರಗುಗೊಳಿಸಿತು. ಎಂಜಿನನ್ನು ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು, ಕೀಲಿಯನ್ನು ಮಾತ್ರ ತಿರುಗಿಸಿ, ಒತ್ತಡವೆಷ್ಟೆಂದು ನೋಡಿದನು. ಯಂತ್ರವೇ ನಿಂತಿರುವಾಗ ಹೊಗೆಯೆಲ್ಲಿಯದು? ಒತ್ತಡದ ಅಂತರ ಸೊನ್ನೆಯಾಗಿರಬೇಕು. ಸ್ಕ್ಯಾನರು 56 ಮಿಲಿಬಾರ್ ಎಂದು ತೋರಿಸುತ್ತಿತ್ತು! ವಾಚಕರು ಆ ಕೆರೆಯನ್ನು ನೆನೆಯಬೇಕು. ಬೆಂಕಿಯೇ ಇರಲಾರದ ಕೆರೆಯ ಮೇಲೆ ಹೊಗೆ ಕಂಡಿತೆಂದರೆ ಆಗ ಪರೀಕ್ಷಿಸಬೇಕಾದುದು ಕೆರೆಯನ್ನಲ್ಲ, ಕಣ್ಣನ್ನು. ವಿಪಕ್ಷದಲ್ಲಿ ಹೇತುವು ಕಾಣಿಸಿಕೊಂಡರೆ ಅದು ಹೇತುವಲ್ಲ, ಹೇತ್ವಾಭಾಸ. ಲಕ್ಷ ರೂಪಾಯಿಯ ಶೋಧಕವು ತಪ್ಪಿತಸ್ಥನೆಂಬ ತೀರ್ಪು ಆ ಒಂದು ಅಂಕೆಯಿಂದಲೇ ಸಡಿಲವಾಯಿತು. ತಕ್ಕಡಿಯ ಬರಿದಾದ ತಟ್ಟೆ ಕಾಲು ಸೇರು ತೂಗಿದರೆ ಅಂಗಡಿಯವನು ಧಾನ್ಯವನ್ನು ಬಯ್ಯುವನೆ?

ಆದರೂ ಆತನು ಆತುರಪಡಲಿಲ್ಲ. "ಸೆನ್ಸರೇ ಕೆಟ್ಟಿದೆ ಅನ್ನೋಕೂ ಈಗಲೇ ಆಗಲ್ಲ" ಎಂದು ಎರಡು ರಬ್ಬರು ಕೊಳವೆಗಳನ್ನೂ ಕಳಚಿದನು. ಬಿರುಕಿದೆಯೇ, ಮಸಿ ಕಟ್ಟಿದೆಯೇ, ನೀರು ನಿಂತಿದೆಯೇ, ಇಲಿ ಕಡಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದನು. ಕೊಳವೆಗಳು ಚೆನ್ನಾಗಿದ್ದುವು. ಕೊಳವೆಗಳಿಲ್ಲದೆ ಬರಿಯ ಗಾಳಿಗೆ ಬಾಯ್ತೆರೆದುಕೊಂಡಿದ್ದ ಸಂವೇದಕವೂ ಅದೇ 56ನ್ನು ಹೇಳುತ್ತಿತ್ತು. ಹಾಗಾದರೆ ಕೊಳವೆಗಳ ದೋಷವಲ್ಲ. ಬಳಿಕ ಸಣ್ಣ ಕೊಳವೆಯೊಂದನ್ನು ಅದರ ಬಾಯಿಗೆ ತೊಡಿಸಿ ಮೆಲ್ಲಗೆ ಊದಿದನು. ಅಂಕೆ ಏರಿತು, ಬಿಟ್ಟಾಗ ಮತ್ತೆ 56ಕ್ಕೆ ಇಳಿಯಿತು. ಎಂದರೆ ಸಂವೇದಕವು ಸತ್ತಿಲ್ಲ. ಉಸಿರನ್ನು ಅದು ಅರಿಯುತ್ತದೆ. ಆದರೆ ಎಲ್ಲಕ್ಕೂ 56ನ್ನು ಕೂಡಿಸಿ ಹೇಳುತ್ತದೆ.

ಆ ಉಪಕರಣಕ್ಕೆ ಮೂರು ತಂತಿಗಳು. ಒಂದು 5 ವೋಲ್ಟುಗಳ ಶಕ್ತಿಯನ್ನು ತರುತ್ತದೆ. ಒಂದು ಮಾತನ್ನು ಒಯ್ಯುತ್ತದೆ. ಮೂರನೆಯದು ಅರ್ತ್, ಭೂಮಿಯಂತೆ ಎಲ್ಲಕ್ಕೂ ಸೊನ್ನೆಯ ನೆಲೆ. ಮಲ್ಟಿಮೀಟರಿನ ಮೊನೆಯನ್ನು ಹಿಂಬದಿಯಿಂದ ತೂರಿಸಿ ಆತನು ಮೂರನ್ನೂ ಅಳೆದನು. ಶಕ್ತಿಯ ತಂತಿ ಸರಿಯಾಗಿ 5 ವೋಲ್ಟು. ಅರ್ತಿನ ತಂತಿಗೂ ಬ್ಯಾಟರಿಯ ಋಣಧ್ರುವಕ್ಕೂ ನಡುವೆ ಏನೂ ಇಲ್ಲವೆಂಬಷ್ಟು ಕಡಮೆ ಇರಬೇಕಾದುದು ಕಾಲು ವೋಲ್ಟಿನಷ್ಟಿತ್ತು. ಆತನ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ಸಿಕ್ಕಿದ" ಎಂದನು.

ನೆಲವೇ ಒಂದು ಗೇಣು ಎದ್ದಿದ್ದರೆ ಅದರ ಮೇಲೆ ನಿಂತವನು ತನ್ನ ಎತ್ತರಕ್ಕೆ ಒಂದು ಗೇಣನ್ನು ಕೂಡಿಸಿಕೊಂಡು ಕಾಣುವನಲ್ಲವೆ? ಅರ್ತಿನಲ್ಲಿ ತಡೆಯಿದ್ದ ಕಾರಣ ಸಂವೇದಕದ ನೆಲವೇ ಕಾಲು ವೋಲ್ಟು ಮೇಲೆದ್ದಿತ್ತು. ಆ ಎತ್ತರವನ್ನು ಕಂಪ್ಯೂಟರು ಒತ್ತಡವೆಂದು ಓದಿಕೊಂಡಿತ್ತು. ಸಾಕ್ಷಿ ಸುಳ್ಳು ಹೇಳಲಿಲ್ಲ. ಆತನು ನಿಂತ ಕಟ್ಟೆ ಎತ್ತರವಾಗಿತ್ತು.

ಆತನು ಇದನ್ನೂ ಬಾಯಿಮಾತಿನಲ್ಲಿ ಬಿಡದೆ ತೋರಿಸಿಕೊಟ್ಟನು. ಬೇರೆಯ ತಂತಿಯೊಂದನ್ನು ಬ್ಯಾಟರಿಯ ಋಣಧ್ರುವದಿಂದ ಎಳೆದು ಸಂವೇದಕದ ಅರ್ತಿಗೆ ಮುಟ್ಟಿಸಿದಾಗ ಅಂಕೆ ಸೊನ್ನೆಗೆ ಇಳಿಯಿತು, ತೆಗೆದಾಗ 56. ಮತ್ತೆ ಮುಟ್ಟಿಸಿದಾಗ ಸೊನ್ನೆ. ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ ಎಂಬ ಅನ್ವಯ ವ್ಯತಿರೇಕಗಳನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪಂಡಿತರನ್ನು ನಾವು ಕಂಡಿಲ್ಲ. ಹೀಗೆಂದು ಹೇಳಿದಾಗ ಆತನು, "ಅದೆಲ್ಲ ನಿಮಗೆ ಗೊತ್ತು ಮೇಷ್ಟ್ರೇ, ನಮಗೆ ಎರಡು ಸಲ ನೋಡದೆ ಕೈ ಹಾಕಬಾರದು ಅನ್ನೋದಷ್ಟೇ ಗೊತ್ತು" ಎಂದು ತಂತಿಗಳ ಕಟ್ಟಿನ ಜಾಡು ಹಿಡಿದು ಹೊರಟನು. ಕನೆಕ್ಟರಿನಿಂದ ಒಂದು ಗೇಣಾಚೆ, ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ತಂತಿಯ ಮೇಲಿನ ಹೊದಿಕೆ ಸವೆದಿತ್ತು; ಒಳಗಿನ ತಾಮ್ರ ಮಳೆಯ ನೀರು ಕುಡಿದು ಕಿಲುಬೆದ್ದು ಹಸಿರಾಗಿತ್ತು. ಆ ಭಾಗವನ್ನು ಕತ್ತರಿಸಿ ತೆಗೆದು, ಹೊಸ ತುಂಡನ್ನು ಬೆಸೆದು, ಕಾವಿಗೆ ಕುಗ್ಗುವ ತೋಳನ್ನು ಅದರ ಮೇಲೆ ತೊಡಿಸಿ, ಪಟ್ಟಿಗೆ ತಾಗದಂತೆ ದೂರ ಕಟ್ಟಿದನು.

ಕೆಲಸ ಅಲ್ಲಿಗೂ ಮುಗಿಯಲಿಲ್ಲ. ಸಂವೇದಕದ ಮಾತಿನಲ್ಲಿ ನಂಬಿಕೆ ತಪ್ಪಿದಂದಿನಿಂದ ಕಂಪ್ಯೂಟರು ಮಸಿಯನ್ನು ಸುಡುವ ಕಾರ್ಯವನ್ನೇ ನಿಲ್ಲಿಸಿತ್ತು. ಊರೊಳಗಿನ ಕಿರುದಾರಿಯ ಓಡಾಟದಲ್ಲಿ ಶೋಧಕ ಕಾಯುವುದೂ ಇಲ್ಲ. ಆದ್ದರಿಂದ ಮಸಿ ನಿಜವಾಗಿಯೂ ಸ್ವಲ್ಪ ಸೇರಿತ್ತು. ಬಂಡಿಯನ್ನು ಬಯಲಿಗೆ ಒಯ್ದು, ಕೆಳಗೆ ಒಣಹುಲ್ಲಿಲ್ಲವೆಂದು ನೋಡಿಕೊಂಡು, ಮಕ್ಕಳನ್ನು ದೂರ ನಿಲ್ಲಿಸಿ, ಸ್ಕ್ಯಾನರಿನ ಮೂಲಕ ಸುಡುವಂತೆ ಆಜ್ಞೆ ಕೊಟ್ಟನು. ಯಂತ್ರವು ತಾನಾಗಿಯೇ ವೇಗವನ್ನು ಏರಿಸಿಕೊಂಡು ಸುಮಾರು ಇಪ್ಪತ್ತೈದು ನಿಮಿಷ ಗರ್ಜಿಸಿತು. ಕಾದ ಲೋಹದ ವಾಸನೆ ಬಂತು. ಕೊಳವೆಯ ಬಾಯಲ್ಲಿ ಗಾಳಿ ಬಿಸಿಲುಗುದುರೆಯಂತೆ ನಡುಗಿತು. ಹೊಗೆ ಮಾತ್ರ ಕಣ್ಣಿಗೆ ಬೀಳಲಿಲ್ಲ. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಕಾದ ಕಬ್ಬಿಣದ ಗುಂಡನ್ನು ಇದಕ್ಕೆ ನಿದರ್ಶನವಾಗಿ ಶಾಸ್ತ್ರಕಾರರು ಕೊಡುತ್ತಾರೆ. ಮುಗಿದ ಮೇಲೆ ನೋಡಿದಾಗ, ಯಂತ್ರ ಸುಮ್ಮನೆ ತಿರುಗುತ್ತಿರುವಾಗಿನ ಒತ್ತಡ ಕೆಲವೇ ಮಿಲಿಬಾರುಗಳು, ನಿಲ್ಲಿಸಿದಾಗ ಸೊನ್ನೆ.

ಕೂಲಿ ಎಷ್ಟೆಂದುದಕ್ಕೆ ಸಾವಿರದ ಇನ್ನೂರು ರೂಪಾಯಿ ಎಂದನು. ನಮ್ಮ ಶಿಷ್ಯನು ಎರಡು ಸಲ ಕೇಳಿ ಖಚಿತಪಡಿಸಿಕೊಂಡನು. ಬಳಿಕ ಸಂಕೋಚದಿಂದ, "ಅಣ್ಣಾ, ಇನ್ನೊಂದು ಸಲ ಹೀಗೆ ಆದರೆ? ಆ ಪೆಟ್ಟಿಗೆ ತೆಗೆಸಿಬಿಟ್ಟರೆ ಚಿಂತೆಯೇ ಇರಲ್ಲ ಅಂತಾರಲ್ಲ?" ಎಂದನು.

ಮೆಕ್ಯಾನಿಕ್ಕನು ಸಲಕರಣೆಗಳನ್ನು ಎತ್ತಿಡುತ್ತಲೇ ಹೇಳಿದನು: "ತೆಗೆಯೋದು ಅರ್ಧ ದಿನದ ಕೆಲಸ ತಮ್ಮಾ. ಕೇಳಿಕೊಂಡು ಬರೋರೂ ಇದಾರೆ. ನೀನು ಸ್ಕೂಲ್ ಮಕ್ಕಳನ್ನ ಇಳಿಸಿ ಮುಂದೆ ಹೋಗ್ತೀಯಲ್ಲ, ಆ ಮಕ್ಕಳು ನಿಂತಿರೋದು ನಿನ್ನ ಸೈಲೆನ್ಸರಿನ ಎತ್ತರಕ್ಕೇ. ಯೋಚನೆ ಮಾಡು." ನಮ್ಮ ಶಿಷ್ಯನು ಮರುಮಾತಾಡಲಿಲ್ಲ. ಬಂಡಿಯ ರಚನೆಯನ್ನು ಹೀಗೆ ಬದಲಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವೂ ಒಪ್ಪುವುದಿಲ್ಲವೆಂದು ನಾವು ಸೇರಿಸಿದೆವು; ಆದರೆ ಕಾಯಿದೆಗಿಂತ ಮಕ್ಕಳ ಮಾತೇ ಆತನ ಮನಸ್ಸಿಗೆ ನಾಟಿದಂತೆ ಕಂಡಿತು.

ಸಾಕ್ಷಿಯನ್ನು ಕೆಡಿಸುವುದು ರಸ್ತೆಬದಿಯವರ ವಿದ್ಯೆ ಮಾತ್ರವಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯು, ಪರೀಕ್ಷೆ ನಡೆಯುತ್ತಿದೆಯೆಂದು ತಾನೇ ಅರಿತು ಆಗ ಮಾತ್ರ ಶುದ್ಧವಾಗಿ ನಡೆದುಕೊಳ್ಳುವ ತಂತ್ರವನ್ನು ತನ್ನ ಡೀಸೆಲ್ ಕಾರುಗಳ ಕಂಪ್ಯೂಟರಿನಲ್ಲಿ ಅಡಗಿಸಿತ್ತೆಂಬುದನ್ನು ಅಮೆರಿಕದ ಪರಿಸರ ಇಲಾಖೆಯು 2015ರ ಸೆಪ್ಟೆಂಬರಿನಲ್ಲಿ ಬಯಲುಮಾಡಿತು. ಆ ಕಾರುಗಳನ್ನು ರಸ್ತೆಯ ಮೇಲೆಯೇ ಓಡಿಸಿ ಹೊಗೆಯನ್ನು ಅಳೆದು ಮೊದಲು ಸಂದೇಹವನ್ನೆತ್ತಿದವರು ವೆಸ್ಟ್ ವರ್ಜೀನಿಯ ವಿಶ್ವವಿದ್ಯಾನಿಲಯದ ಸಂಶೋಧಕರು. ಬಡವನ ಬಂಡಿಯಲ್ಲಿ ಕಿಲುಬು ಮಾಡಿದ ಕೆಲಸವನ್ನು ಅಲ್ಲಿ ಬುದ್ಧಿವಂತಿಕೆಯೇ ಮಾಡಿತ್ತು.

ರಿಪೇರಿ ನಡೆಯುತ್ತಿದ್ದ ಹೊತ್ತಿನಲ್ಲಿ ಮಕ್ಕಳೂ ಹೆಂಗಸರೂ ಪೇಟೆಯನ್ನು ಸುತ್ತಿ ಬಂದರು. ಮೂಡಿಗೆರೆಯೆಂದರೆ ಕನ್ನಡದ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ಊರು. 1980ರಲ್ಲಿ ಪ್ರಕಟವಾದ ಅವರ ಕರ್ವಾಲೊ ಕಾದಂಬರಿಯಲ್ಲಿ ಹಾರುವ ಓತಿಯನ್ನು ಅರಸಿ ಹೊರಟವರು ಇಲ್ಲಿಂದಲೇ ಕಾಡು ಹೊಕ್ಕದ್ದು. 2007ರಲ್ಲಿ ತೀರಿಕೊಳ್ಳುವವರೆಗೂ ಅವರು ಇಲ್ಲಿನ ತಮ್ಮ ತೋಟದಲ್ಲಿಯೇ ನೆಲಸಿದ್ದರು. ಕಣ್ಣಿಟ್ಟು ನೋಡಿದ ಮೇಲೆಯೇ ಮಾತನಾಡಬೇಕೆಂಬುದು ಈ ಊರಿನ ನೀರಿನಲ್ಲಿಯೇ ಇದೆಯೋ ಏನೋ ಎಂದು ನಮಗೆ ತೋರಿತು.

ಮೂರು ಗಂಟೆಗೆ ಹೊರಟ ಬಂಡಿ ಏರನ್ನು ಲೀಲೆಯಿಂದ ಏರಿತು. ಕೊಟ್ಟಿಗೆಹಾರದಲ್ಲಿ ಎಲ್ಲರೂ ಇಳಿದು ಆ ಊರಿಗೆ ಹೆಸರು ತಂದ ನೀರುದೋಸೆಯನ್ನು ತಿಂದೆವು. ಇಲ್ಲಿ ನಿಂತಾಗ ಒಂದು ವಿಶೇಷವನ್ನು ಮಕ್ಕಳಿಗೆ ತೋರಿಸಬಹುದು. ಈ ಏಣಿನಿಂದ ಮೂಡಲಿಗೆ ಹರಿದ ನೀರು ಹೇಮಾವತಿಯನ್ನು ಸೇರಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಲಿಗೆ ಇಳಿದದ್ದು ನೇತ್ರಾವತಿಯನ್ನು ಸೇರಿ, ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಒಂದೇ ಮೋಡದ ಎರಡು ಹನಿಗಳು ಹೀಗೆ ಎಂದೆಂದಿಗೂ ಅಗಲುತ್ತವೆ.

ಕೊಟ್ಟಿಗೆಹಾರವನ್ನು ದಾಟಿದೊಡನೆ ಮಂಜು ಕವಿಯಿತು. ಒಂದು ಪಕ್ಕದಲ್ಲಿ ಬಂಡೆಯ ಮೈಯಿಂದ ಇಳಿಯುವ ಸಣ್ಣ ಸಣ್ಣ ಜಲಧಾರೆಗಳು, ಇನ್ನೊಂದು ಪಕ್ಕದಲ್ಲಿ ಆಳ ತಿಳಿಯದ ಕಣಿವೆ. ಮಂಜು ಸರಿದಾಗ ಹುಲ್ಲುಗಾವಲಿನ ನೆತ್ತಿಯೂ ಅದರ ಮಡಿಲಲ್ಲಿ ಅಡಗಿದ ಶೋಲೆಯ ಕಾಡೂ ಒಂದು ನಿಮಿಷ ಕಾಣುತ್ತವೆ. ಮರು ನಿಮಿಷ ಏನೂ ಇಲ್ಲ. 2019ರ ಆಗಸ್ಟಿನ ಮಹಾವೃಷ್ಟಿಯಲ್ಲಿ ಈ ಘಟ್ಟ ಹಲವು ಕಡೆ ಕುಸಿದು ಸಂಚಾರವೇ ನಿಂತುಹೋಗಿತ್ತು. ಆ ಗಾಯಗಳನ್ನು ಕಟ್ಟಿದ ಗೋಡೆಗಳು ಅಲ್ಲಲ್ಲಿ ಕಾಣುತ್ತವೆ. ದಾರಿಯ ಪಕ್ಕದ ಅಣ್ಣಪ್ಪಸ್ವಾಮಿಯ ಗುಡಿಯ ಮುಂದೆ ಚಾಲಕರು ಬಂಡಿಯನ್ನು ನಿಲ್ಲಿಸಿ ಕೈಮುಗಿದು ಮುಂದುವರಿಯುತ್ತಾರೆ. ನಮ್ಮವನೂ ನಿಲ್ಲಿಸಿ ಕಾಯಿ ಒಡೆದನು. ಹೊತ್ತು ಸ್ವಲ್ಪ ಹೆಚ್ಚೇ ನಿಂತನು.

ಅಲ್ಲಿಂದ ಕೆಳಗಿನ ತಿರುವಿನಲ್ಲಿ ಬೆಟ್ಟದ ಓರೆಯಿಂದ ಬೆಳ್ಳಗೆ ಏನೋ ಮೇಲೇಳುತ್ತಿತ್ತು. "ತಾತಾ, ಕಾಡಿಗೆ ಬೆಂಕಿ ಬಿದ್ದಿದೆ, ಹೊಗೆ ನೋಡಿ!" ಎಂದು ಮೊಮ್ಮಗಳು ಕೂಗಿದಳು. ಅದು ಮಂಜು. ಅಷ್ಟರಲ್ಲಿ ಎದುರಿನಿಂದ ಹಳೆಯ ಬಂಡಿಯೊಂದು ಏದುಸಿರು ಬಿಡುತ್ತ ಹತ್ತಿ ಬಂತು. ಅದು ದಾಟಿದ ಮೇಲೆ ಆ ಬಿಳುಪಿನ ನಡುವೆ ಕರಿಯ ಪಟ್ಟೆಯೊಂದು ತೇಲಿ ನಿಂತಿತು. ಒಳಗಿದ್ದವರೆಲ್ಲ ಮೂಗಿಗೆ ಬಟ್ಟೆ ಹಿಡಿದರು. ಎರಡನ್ನೂ ಪಕ್ಕಪಕ್ಕದಲ್ಲಿ ಕಂಡ ಮಗುವಿಗೆ ಮಂಜಿಗೂ ಹೊಗೆಗೂ ಇರುವ ಭೇದವನ್ನು ಮತ್ತೆ ಹೇಳಬೇಕಾಗಲಿಲ್ಲ. ಆ ಬಂಡಿಯವನನ್ನು ಹಳಿಯುವುದಕ್ಕೂ ನಮಗೆ ಮನಸ್ಸಾಗಲಿಲ್ಲ. ಹೊಸದನ್ನು ಕೊಳ್ಳಲಾರದವನ ಹೊಟ್ಟೆಪಾಡು ಅದು.

ಇಂಥ ಬಂಡಿಗಳನ್ನು ಇಟ್ಟುಕೊಂಡ ಗೃಹಸ್ಥರಿಗೆ ಆ ಮೆಕ್ಯಾನಿಕ್ಕನು ಹೇಳಿದ ಕೆಲವು ಮಾತುಗಳನ್ನು ಇಲ್ಲಿ ಒಪ್ಪಿಸುತ್ತೇವೆ. ಊರೊಳಗೇ ತಿರುಗುವ ಡೀಸೆಲ್ ಬಂಡಿಯನ್ನು ಆಗಾಗ್ಗೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮನೆ ಓಡಿಸಬೇಕು. ಮಸಿಯನ್ನು ಸುಡುವ ಕಾರ್ಯ ನಡೆಯುತ್ತಿರುವಾಗ ನಡುವೆ ನಿಲ್ಲಿಸಬಾರದು. ಬಿಸಿಯಾದ ಬಂಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು. ಕೈಪಿಡಿಯಲ್ಲಿ ಹೇಳಿದ, ಬೂದಿ ಕಡಮೆ ಉಳಿಸುವ ಎಂಜಿನ್ ಎಣ್ಣೆಯನ್ನೇ ಹಾಕಿಸಬೇಕು; ಏಕೆಂದರೆ ಮಸಿಯನ್ನು ಸುಡಬಹುದು, ಬೂದಿಯನ್ನು ಮತ್ತೆ ಸುಡಲಾಗದು. ದೀಪ ಹೊತ್ತಿದಾಗ ಅಲಕ್ಷ್ಯವೂ ಸಲ್ಲದು, ಗಾಬರಿಯೂ ಸಲ್ಲದು. ಶೋಧಕವನ್ನು ಬದಲಿಸಬೇಕೆಂದು ಯಾರಾದರೂ ಹೇಳಿದರೆ ಒಂದೇ ಪ್ರಶ್ನೆಯನ್ನು ಕೇಳಬೇಕು: "ಎಂಜಿನ್ ನಿಂತಿರುವಾಗ ಒತ್ತಡ ಎಷ್ಟು ತೋರಿಸುತ್ತದೆ?" ಉತ್ತರ ಸೊನ್ನೆಯಲ್ಲದಿದ್ದರೆ ಹಣದ ಚೀಲವನ್ನು ಬಿಚ್ಚುವ ಮೊದಲು ತಂತಿಯನ್ನೂ ಕೊಳವೆಯನ್ನೂ ನೋಡಿಸಬೇಕು.

ಕತ್ತಲಾಗುವುದಕ್ಕೆ ಮೊದಲೇ ಉಜಿರೆಯನ್ನು ದಾಟಿ ಧರ್ಮಸ್ಥಳವನ್ನು ಸೇರಿದೆವು. ಮರುದಿನ ಮಂಜುನಾಥನ ದರ್ಶನ ಮುಗಿಸಿ, ಅಲ್ಲಿರುವ ಹಳೆಯ ಮೋಟಾರುಗಳ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದೆವು. ನಮ್ಮ ಶಿಷ್ಯನು ಒಂದೊಂದು ಬಂಡಿಯ ಮುಂದೆಯೂ ಬಗ್ಗಿ ಬಗ್ಗಿ ನೋಡಿ, "ಮೇಷ್ಟ್ರೇ, ಇವುಕ್ಕೆ ಸೆನ್ಸರೇ ಇಲ್ಲವಲ್ಲ!" ಎಂದನು.

ಆಗ ಚಾಲಕನ ಮೂಗೂ ಕಿವಿಯೂ ಸೆನ್ಸರಾಗಿದ್ದುವಪ್ಪಾ ಎಂದೆವು.

ಆತನು ಸ್ವಲ್ಪ ಯೋಚಿಸಿ, "ಮೂಗಿಗೂ ನೆಗಡಿ ಆಗ್ತದಲ್ಲ ಸಾರ್" ಎಂದು ನಕ್ಕನು. ನಾಲ್ಕು ದಿನಗಳ ಮೇಲೆ ಆತನು ನಕ್ಕಿದ್ದು ಅದೇ ಮೊದಲು. ಬರುವಾಗ ಶಿರಾಡಿಯ ದಾರಿಯಾಗಿ ಬಂದೆವು. ಹಾಸನವನ್ನು ಮುಟ್ಟುವವರೆಗೂ ದೀಪ ಹೊತ್ತಲಿಲ್ಲ. ಮಡದಿಯ ಸರ ಮನೆಯಲ್ಲಿಯೇ ಉಳಿಯಿತು.